ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ1000: ಮೊದಲು ಶಟರ್ ನೋಡಿ, ಆಮೇಲೆ ಬೆಲೆ ಮಾತಾಡಿ

ಹಳೆಯ ಫಿಲ್ಮ್ ಕ್ಯಾಮೆರಾ ಪೆಂಟಾಕ್ಸ್ ಕೆ1000 ಇವತ್ತು ಕೊಳ್ಳಬಹುದೇ? ಕೊಳ್ಳಬಹುದು, ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಪರದೆಗಳ ಭಾಗ, ಸರಿಯಿದ್ದರೆ. ಬೆಳಕು ಅಳೆಯುವ ಮೀಟರ್ ಸತ್ತಿದ್ದರೆ ಫೋನಿನ ಮೀಟರ್ ಆ್ಯಪ್ ಇದೆ. ಹಿಂಬಾಗಿಲಿನ ಫೋಮ್ ಪುಡಿಯಾಗಿದ್ದರೆ ಒಂದು ಸಂಜೆ ಕೂತು ಹೊಸದು ಅಂಟಿಸಬಹುದು. ಮೇಲಿನ ಕಪ್ಪು ಹೊದಿಕೆ ಎದ್ದಿದ್ದರೆ ಫೋಟೋಗೆ ಏನೂ ಆಗುವುದಿಲ್ಲ. ಶಟರ್ ಕೆಟ್ಟ ಬಾಡಿ ಮಾತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ, ಏಕೆಂದರೆ ಅದನ್ನು ಸರಿಮಾಡಲು ಕ್ಯಾಮೆರಾವನ್ನು ಪೂರ್ತಿ ಬಿಚ್ಚಬೇಕು. ಅಷ್ಟು ಕೈಪಳಗಿದ ಮೆಕ್ಯಾನಿಕ್‌ಗಳು ಈಗ ಕಡಿಮೆ.

1976ರಲ್ಲಿ ಜಪಾನಿನ ಅಸಾಹಿ ಆಪ್ಟಿಕಲ್ ಕಂಪನಿ ಹೊರತಂದ ಈ ಕ್ಯಾಮೆರಾ 1997ರವರೆಗೆ ತಯಾರಾಯಿತು. 1 ಸೆಕೆಂಡಿನಿಂದ 1/1000ರವರೆಗೆ ಹನ್ನೊಂದು ವೇಗ, ಜೊತೆಗೆ 'ಬಿ' (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಸೆಟ್ಟಿಂಗ್). ಶಟರ್ ಪೂರ್ತಿ ಮೆಕ್ಯಾನಿಕಲ್. ಎಲ್‌ಆರ್44 ಬ್ಯಾಟರಿ ಬೇಕಾಗುವುದು ಮೀಟರಿನ ಮುಳ್ಳಿಗೆ ಮಾತ್ರ. ಸೆಲ್ಫ್ ಟೈಮರ್ ಇಲ್ಲ, ಆಟೋ ಇಲ್ಲ, ಶಟರ್ ಬಟನ್ನಿಗೆ ಲಾಕ್ ಕೂಡ ಇಲ್ಲ. ಕಲಿಯುವವರಿಗೆ ಈ ಇಲ್ಲಗಳೇ ಅನುಕೂಲ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಗಾತ್ರ), ವೇಗ, ಫೋಕಸ್ ಮೂರನ್ನೂ ಕೈಯಾರೆ ಇಡಬೇಕು, ಆದ್ದರಿಂದ ಮೂರೂ ತಲೆಗೆ ಹತ್ತುತ್ತವೆ. ಈ ಕಾರಣಕ್ಕೇ ಹಲವು ದೇಶಗಳ ಫೋಟೋಗ್ರಫಿ ತರಗತಿಗಳಲ್ಲಿ ವರ್ಷಗಟ್ಟಲೆ ಇದೇ ಕ್ಯಾಮೆರಾ ನಡೆಯಿತು, ಮೂವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಈಗಲೂ ಬೆಂಗಳೂರಿನ ಸಂಡೇ ಬಜಾರಿನಿಂದ ಹಿಡಿದು ದೆಹಲಿ ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಯವರೆಗೆ ಹುಡುಕುವವರ ಪಟ್ಟಿಯಲ್ಲಿ ಇದರ ಹೆಸರು ಇದ್ದೇ ಇರುತ್ತದೆ.

ಆದರೆ ಅತ್ಯಂತ ಹೊಸ ಕೆ1000ಗೂ ಈಗ ಕಾಲು ಶತಮಾನ ದಾಟಿದೆ. ಒಳಗಿನ ಎಣ್ಣೆ ಅಂಟಾಗಿರುತ್ತದೆ, ರಬ್ಬರ್ ಲೇಪಿಸಿದ ಬಟ್ಟೆಯ ಪರದೆ ಗಡುಸಾಗಿರುತ್ತದೆ. ಮಾರುವವರು "ಎಲ್ಲ ಸ್ಪೀಡೂ ಹೊಡೆಯುತ್ತೆ" ಎನ್ನುತ್ತಾರೆ. ಅದು ನಿಜವೇ ಇರಬಹುದು. ಬಟನ್ ಒತ್ತಿದರೆ ಸದ್ದು ಬರುತ್ತದೆ ಎನ್ನುವುದಕ್ಕೂ 1/1000ರಲ್ಲಿ ಫ್ರೇಮಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಬೆಳಕು ಬೀಳುತ್ತದೆ ಎನ್ನುವುದಕ್ಕೂ ಬಹಳ ದೂರ.

ಮೊದಲ ಕ್ಲಿಕ್

ಅಂಗಡಿಗೆ ಹೋದ ತಕ್ಷಣ ಕೇಳಬೇಕಾದ್ದು ಒಂದೇ: "ಇವತ್ತು ಇದನ್ನು ಯಾರಾದರೂ ಕ್ಲಿಕ್ ಮಾಡಿದ್ದಾರಾ?" ಮಾಡಿಲ್ಲವಾದರೆ ಹಾಗೇ ಕೈಗೆ ತೆಗೆದುಕೊಳ್ಳಿ. ಮಾರುವವರು ಪ್ರೀತಿಯಿಂದಲೇ ಇಪ್ಪತ್ತು ಸಲ ಕ್ಲಿಕ್ ಮಾಡಿ ತೋರಿಸಲು ಹೊರಟರೆ ತಡೆಯಿರಿ. ಕದಲದೆ ಕೂತ ಶಟರಿನಲ್ಲಿ ಅಂಟಾದ ಎಣ್ಣೆ ಒಂದೇ ಜಾಗದಲ್ಲಿ ಹಿಡಿದುಕೊಂಡಿರುತ್ತದೆ. ಹತ್ತಿಪ್ಪತ್ತು ಸಲ ಓಡಿಸಿದರೆ ಅದು ತಾತ್ಕಾಲಿಕವಾಗಿ ಸಡಿಲವಾಗಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಮನೆಗೆ ತಂದು ಎರಡು ವಾರ ಬಿಟ್ಟು ಮತ್ತೆ ತೆಗೆದಾಗ ಮೊದಲ ಮೂರು ನಾಲ್ಕು ಫ್ರೇಮ್ ಹಾಳು. ತಿಂಗಳಿಗೊಮ್ಮೆ ಕ್ಯಾಮೆರಾ ಹಿಡಿಯುವವರಿಗೆ ಆ ಮೂರು ನಾಲ್ಕು ಫ್ರೇಮೇ ಮುಖ್ಯ.

ಆದ್ದರಿಂದ ಮೊದಲ ಕ್ಲಿಕ್ಕೇ 1/1000ರಲ್ಲಿ ಆಗಲಿ. ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಬಾಡಿಯನ್ನು ಬೆಳಗಿನ ಆಕಾಶದ ಕಡೆಗೋ ಬಿಸಿಲು ಬಿದ್ದ ಬಿಳಿ ಗೋಡೆಯ ಕಡೆಗೋ ಹಿಡಿಯಿರಿ. ಸೂರ್ಯನ ಕಡೆಗೆ ಬೇಡ. ಹಿಂದಿನಿಂದ ಫ್ರೇಮಿನ ಕಿಟಕಿಯನ್ನು ನೋಡುತ್ತ ಒತ್ತಿ. 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಪೂರ್ತಿ ಆಯತ ಒಮ್ಮೆಲೇ ಮಿಂಚಿದಂತೆ ಕಾಣಬೇಕು. ಒಂದು ಪಕ್ಕ ಮಬ್ಬಾಗಿದ್ದರೆ, ಅಥವಾ ಅರ್ಧ ಆಯತವೇ ಕಂಡರೆ, ಶಟರಿಗೆ ಸರ್ವಿಸ್ ಬೇಕೇ ಬೇಕು. ಏನೂ ಕಾಣದಿದ್ದರೂ ಅಷ್ಟೇ: ಎರಡು ಪರದೆಗಳ ನಡುವೆ ಸಂದೇ ಬಿಟ್ಟಿಲ್ಲ ಎಂದರ್ಥ. ಮೊದಲ ಕ್ಲಿಕ್ಕಿನಲ್ಲಿ ಕಂಡದ್ದನ್ನು ನೆನಪಿಟ್ಟುಕೊಂಡು ಹತ್ತನೆಯದರ ಜೊತೆ ಹೋಲಿಸಿ. ಎರಡರ ನಡುವಿನ ವ್ಯತ್ಯಾಸ ಎಷ್ಟೋ ಒಳಗಿನ ಎಣ್ಣೆ ಅಷ್ಟು ಕೆಟ್ಟಿದೆ.

1/1000ರಲ್ಲೇ ಯಾಕೆ

ಕೆ1000ನಲ್ಲಿ ಎರಡು ಬಟ್ಟೆಯ ಪರದೆಗಳು ಅಡ್ಡಡ್ಡ ಓಡುತ್ತವೆ. ಮೊದಲ ಪರದೆ ಸರಿದು ಫಿಲ್ಮನ್ನು ಬೆಳಕಿಗೆ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಫ್ಲ್ಯಾಶ್ ಹೊಂದುವ ಗರಿಷ್ಠ ವೇಗ 1/60. ಅಂದರೆ 1/60 ಮತ್ತು ಅದಕ್ಕಿಂತ ನಿಧಾನದ ವೇಗಗಳಲ್ಲಿ ಮಾತ್ರ ಇಡೀ ಫ್ರೇಮ್ ಒಮ್ಮೆಗೆ ತೆರೆದಿರುತ್ತದೆ. ಅದಕ್ಕಿಂತ ಮೇಲಿನ ವೇಗಗಳಲ್ಲಿ ಮೊದಲ ಪರದೆ ಕೊನೆ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ, ನಡುವೆ ಒಂದು ಸಂದು ಮಾತ್ರ ಓಡುತ್ತದೆ. 1/1000ರಲ್ಲಿ ಆ ಸಂದಿನ ಅಗಲ ಎರಡರಿಂದ ಮೂರು ಮಿಲಿಮೀಟರ್ ಅಷ್ಟೆ.

ಮುಖ್ಯವಾದ ವಿಷಯವೆಂದರೆ, ಪರದೆಗಳು ಓಡುವ ವೇಗ ಮಾತ್ರ ಎಲ್ಲ ಸೆಟ್ಟಿಂಗಿನಲ್ಲೂ ಒಂದೇ. ಡಯಲ್ ತಿರುಗಿಸಿದಾಗ ಬದಲಾಗುವುದು ಎರಡನೆಯದು ಎಷ್ಟು ತಡವಾಗಿ ಹೊರಡುತ್ತದೆ ಎನ್ನುವುದು. ಈಗ ಲೆಕ್ಕ ಹಾಕಿ. ಅಂಟಾದ ಎಣ್ಣೆಯಿಂದ ಮೊದಲ ಪರದೆ ಅರ್ಧ ಮಿಲಿಸೆಕೆಂಡ್ ಹಿಂದೆ ಬಿತ್ತು ಎಂದುಕೊಳ್ಳೋಣ. 1/60 ಅಂದರೆ 16.7 ಮಿಲಿಸೆಕೆಂಡ್; ಅದರಲ್ಲಿ ಅರ್ಧ ಹೋದರೆ ನೂರಕ್ಕೆ ಮೂರರ ವ್ಯತ್ಯಾಸ, ಯಾವ ನೆಗೆಟಿವ್ ಕೂಡ ಅದನ್ನು ತೋರಿಸುವುದಿಲ್ಲ. 1/1000 ಅಂದರೆ 1 ಮಿಲಿಸೆಕೆಂಡ್. ಅರ್ಧ ಹೋದರೆ ಅರ್ಧ ಬೆಳಕೇ ಹೋಯಿತು, ಒಂದು ಸ್ಟಾಪ್ ಕಡಿಮೆ. ತಪ್ಪು ಅದೇ, ಶಿಕ್ಷೆ ಬೇರೆ. 1/125ರಲ್ಲಿ ಚೆನ್ನಾಗಿ ಕಂಡ ಶಟರ್ 1/1000ರಲ್ಲಿ ಬಯಲಾಗುವುದು ಹೀಗೆ.

ಆ ಹಿಂದೆ ಬೀಳುವಿಕೆ ಓಟದುದ್ದಕ್ಕೂ ಬೆಳೆಯುತ್ತ ಹೋದರೆ ಸಂದು ಕಿರಿದಾಗುತ್ತ ಹೋಗುತ್ತದೆ, ಓಟ ಮುಗಿಯುವ ಕಡೆಯ ಅಂಚು ಕಪ್ಪಾಗುತ್ತದೆ. ಎರಡನೇ ಪರದೆ ಮೊದಲನೆಯದನ್ನು ಹಿಡಿದೇಬಿಟ್ಟರೆ ಅಲ್ಲಿಂದಾಚೆಗೆ ಫ್ರೇಮ್ ಪೂರ್ತಿ ಕತ್ತಲು. ಮೆಕ್ಯಾನಿಕ್‌ಗಳು ಇದನ್ನು ಕ್ಯಾಪಿಂಗ್ ಎನ್ನುತ್ತಾರೆ. ಇದರ ವಿರುದ್ಧದ ರೋಗವೂ ಇದೆ: ಎರಡನೇ ಪರದೆ ನಿಧಾನವಾದರೆ ಸಂದು ಅಗಲವಾಗುತ್ತ ಹೋಗಿ ಓಟದ ಕೊನೆಯ ಅಂಚಿಗೆ ಹೆಚ್ಚು ಬೆಳಕು ಬೀಳುತ್ತದೆ. ಇದನ್ನು ಕಣ್ಣಲ್ಲಿ ಹಿಡಿಯುವುದು ಕಷ್ಟ, ಫೋನ್ ಬೇಕು.

ಫೋನಿನ ಕ್ಯಾಮೆರಾವನ್ನು ಪ್ರೊ ಮೋಡಿಗೆ ಹಾಕಿ ಶಟರ್ 1 ಸೆಕೆಂಡ್ ಇಡಿ, ಫೋಕಸ್ ಕೈಯಾರೆ ಮಾಡಿ. ಫೋನನ್ನು ಸ್ಟ್ಯಾಂಡಿನ ಮೇಲಿಟ್ಟು ಕೆ1000ನ ತೆರೆದ ಬೆನ್ನಿಗೆ ನೇರವಾಗಿ, ನಟ್ಟನಡುವೆ ಬರುವಂತೆ ನಿಲ್ಲಿಸಿ. ಕತ್ತಲೆ ಕೋಣೆ ಇರಲಿ. ಲೆನ್ಸ್ ಇರುವ ಕಡೆ ಬ್ಯಾಟರಿ ಟಾರ್ಚ್, ಅದರ ಮುಂದೆ ಬಟರ್ ಪೇಪರ್ ಅಥವಾ ಟ್ರೇಸಿಂಗ್ ಹಾಳೆ. ಟಾರ್ಚನ್ನು ಪೂರ್ತಿ ಪ್ರಕಾಶಕ್ಕೆ ಇಡಿ. ಮನೆಯ ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಪರದೆ ಬೇಡ, ಅವುಗಳ ಬೆಳಕು ಕಣ್ಣಿಗೆ ಕಾಣದಂತೆ ಮಿನುಗುತ್ತಿದ್ದರೆ ಚಿತ್ರದಲ್ಲಿ ಸುಳ್ಳು ಪಟ್ಟೆಗಳು ಮೂಡುತ್ತವೆ. ಫೋನ್ ತೆರೆದಿರುವ ಆ ಒಂದು ಸೆಕೆಂಡಿನೊಳಗೆ ಕೆ1000ನ ಬಟನ್ ಒತ್ತಿ. ಸಂದು ಹಾದುಹೋದಾಗ ಬಿದ್ದ ಬೆಳಕೆಲ್ಲ ಫೋನಿನ ಒಂದೇ ಚಿತ್ರದಲ್ಲಿ ಕೂಡಿಕೊಳ್ಳುತ್ತದೆ. ಆಯತದ ಎಡ, ನಡು, ಬಲ ಹೋಲಿಸಿ. ಫೋನ್ ಸೆಟ್ಟಿಂಗ್ ಬದಲಿಸದೆ ಐದಾರು ಸಲ ತೆಗೆಯಿರಿ. ಒಂದು ಸಲ ಸಮ, ಇನ್ನೊಂದು ಸಲ ಓರೆ ಎಂದಾದರೆ ಅದು ಕೊಳೆ ಅಥವಾ ಎಣ್ಣೆಯ ತೊಂದರೆ. ಪ್ರತಿ ಸಲವೂ ಒಂದೇ ರೀತಿ ಓರೆಯಾಗಿದ್ದರೆ ಎರಡು ಪರದೆಗಳ ಸ್ಪ್ರಿಂಗ್ ಟೆನ್ಷನ್ ಹೊಂದಿಲ್ಲ. ಈ ಎರಡು ತೊಂದರೆಗಳಲ್ಲಿ ಮೊದಲನೆಯದು ಹೆಚ್ಚು ಸತಾಯಿಸುತ್ತದೆ, ಏಕೆಂದರೆ ಇವತ್ತು ಸರಿಯಿದ್ದದ್ದು ನಾಳೆ ಇರುವುದಿಲ್ಲ.

ಹಳೆ ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ನಮ್ಮಲ್ಲಿ ಬಳಸಿದ ಪಾಲ್ ಪದ್ಧತಿಯ ಟಿವಿಗಳು ಸೆಕೆಂಡಿಗೆ 15,625 ಗೆರೆ ಎಳೆಯುತ್ತವೆ. ಹಾಗಾಗಿ ಟಿವಿಯ ಕಡೆ ಹಿಡಿದ ಬಾಡಿಯ ತೆರೆದ ಬೆನ್ನಿನಿಂದ ನೋಡುತ್ತ ಕ್ಲಿಕ್ ಮಾಡಿದರೆ 1/125ರಲ್ಲಿ 125 ಗೆರೆ, 1/500ರಲ್ಲಿ 31, 1/1000ರಲ್ಲಿ 15 ಅಥವಾ 16 ಗೆರೆ ದಪ್ಪದ ಪಟ್ಟಿ ಕಾಣಬೇಕು. ಶಟರಿನ ಪರದೆ ಅಡ್ಡಕ್ಕೆ ಓಡುವುದರಿಂದ ಪಟ್ಟಿ ಓರೆಯಾಗಿ, ಸ್ವಲ್ಪ ಬಾಗಿದಂತೆ ಬರುತ್ತದೆ, ಅದು ದೋಷವಲ್ಲ. ನೋಡಬೇಕಾದ್ದು ಪಟ್ಟಿಯ ಮೇಲಿನಿಂದ ಕೆಳಗಿನ ದಪ್ಪ ಎರಡೂ ತುದಿಗಳಲ್ಲಿ ಒಂದೇ ಇದೆಯೇ ಎಂದು. ಒಂದು ತುದಿಗೆ ಚೂಪಾಗುತ್ತ ಹೋದರೆ ಕ್ಯಾಪಿಂಗ್ ಶುರುವಾಗಿದೆ.

ಬಟ್ಟೆ

ಪರದೆ ಎರಡಿವೆ, ಆದ್ದರಿಂದ ಎರಡು ಸಲ ನೋಡಬೇಕು. ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯುವ ಮೊದಲು ಕಿಟಕಿಯನ್ನು ಮುಚ್ಚಿರುವುದು ಎರಡನೇ ಪರದೆ. ಎಳೆದ ಮೇಲೆ ಎದುರಿಗೆ ಬರುವುದು ಮೊದಲನೆಯದು. ಲಿವರ್ ಎಳೆಯದೆ ಮಾತ್ರ ನೋಡಿ "ಬಟ್ಟೆ ಚೆನ್ನಾಗಿದೆ" ಎಂದರೆ ಅರ್ಧ ಪರೀಕ್ಷೆ ಆಯಿತಷ್ಟೆ.

ಕತ್ತಲಲ್ಲಿ ಲೆನ್ಸ್ ಕಡೆಯಿಂದ ಟಾರ್ಚ್ ಬಿಟ್ಟು ಬೆನ್ನಿನ ಕಡೆಯಿಂದ ನೋಡಿದರೆ ಸೂಜಿಮೊನೆಯಷ್ಟು ತೂತೂ ನಕ್ಷತ್ರದಂತೆ ಹೊಳೆಯುತ್ತದೆ. ಆದರೆ ಲೆನ್ಸಿನ ಹಿಂದಿರುವ ಕನ್ನಡಿ ಕೆಳಗಿದ್ದಾಗ ಅದೇ ಬೆಳಕನ್ನು ತಡೆಯುತ್ತದೆ. ಹಾಗಾಗಿ ಟಾರ್ಚನ್ನು ಬೆನ್ನಿನ ಕಡೆ ಇಟ್ಟು, ಲೆನ್ಸ್ ಕಳಚಿದ ಬಾಯಿಯಿಂದ, ಕನ್ನಡಿಯ ಅಂಚನ್ನು ಬೆರಳಿನಿಂದ ತುಸು ಎತ್ತಿ ನೋಡುವುದು ಸುಲಭ. ಕನ್ನಡಿಯ ಹೊಳೆಯುವ ಮೈ ಮುಟ್ಟಬೇಡಿ, ಬಟ್ಟೆಯನ್ನಂತೂ ಮುಟ್ಟಲೇಬೇಡಿ. ಬ್ಲೋವರನ್ನು ಹತ್ತಿರದಿಂದ ಜೋರಾಗಿ ಊದುವುದೂ ಬೇಡ.

ಬಟ್ಟೆ ಮಂದ ಕಪ್ಪಾಗಿ, ಸಪಾಟಾಗಿರಬೇಕು. ತುಸು ಅಲೆಯಂತಿದ್ದರೆ ಪರವಾಗಿಲ್ಲ. ಬೂದು ಬಣ್ಣಕ್ಕೆ ತಿರುಗಿದ ಸಣ್ಣ ಬಿರುಕುಗಳು, ಮಡಿಕೆಯ ಗುರುತು, ಎಣ್ಣೆಯ ಮಿನುಗು ಇದ್ದರೆ ಬೇಡವೆನ್ನಿ. ರಬ್ಬರ್ ಗಡುಸಾದ ಬಟ್ಟೆ ರೋಲರಿಗೆ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ, ಎಷ್ಟು ಎಣ್ಣೆ ಹಾಕಿ ಸರ್ವಿಸ್ ಮಾಡಿದರೂ ಅದರ ಓಟ ಸಮನಾಗುವುದಿಲ್ಲ. ಎಣ್ಣೆಯ ಮಿನುಗು ಇನ್ನೂ ಕೆಟ್ಟ ಸುದ್ದಿ: ಯಾರೋ ಡಬ್ಲ್ಯುಡಿ-40 ಥರದ ಸ್ಪ್ರೇ ಹೊಡೆದು "ರಿಪೇರಿ" ಮಾಡಿದ್ದಾರೆ. ಕೆಲವು ದಿನ ಓಡುತ್ತದೆ, ಆಮೇಲೆ ಆ ಎಣ್ಣೆ ಹರಡಿ ಧೂಳು ಹಿಡಿದು ಎಲ್ಲವನ್ನೂ ಅಂಟಿಸುತ್ತದೆ. ಒಂದೆರಡು ಸೂಜಿ ತೂತುಗಳಿಗೆ ತೆಳುವಾದ ಕಪ್ಪು ಫ್ಯಾಬ್ರಿಕ್ ಪೇಂಟ್ ಸವರುವುದುಂಟು. ಅದು ತಾತ್ಕಾಲಿಕ, ದಪ್ಪವಾದರೆ ಅದೇ ಪರದೆಯ ಓಟಕ್ಕೆ ಅಡ್ಡಿ.

ಇನ್ನೊಂದು ಪರೀಕ್ಷೆಯನ್ನು ಬಹುಪಾಲು ಜನ ಬಿಡುತ್ತಾರೆ. ಲಿವರನ್ನು ನಿಧಾನವಾಗಿ ಎಳೆಯುತ್ತ ಬೆನ್ನಿನಿಂದ ನೋಡಿ. ಎರಡು ಪರದೆಗಳು ಅಂಚಿಗೆ ಅಂಚು ಸೇರಿಸಿಕೊಂಡು, ಒಂದರ ಮೇಲೊಂದು ತುಸು ಹಾಯ್ದು, ಒಟ್ಟಿಗೆ ಮರಳಬೇಕು. ನಡುವೆ ಕೂದಲೆಳೆಯಷ್ಟು ಬೆಳಕು ಬಿಟ್ಟರೂ ಪ್ರತಿ ಫ್ರೇಮಿಗೂ ಮಸುಕು ಪಟ್ಟೆ ಬೀಳುತ್ತದೆ.

ನಿಧಾನ ವೇಗಗಳು

ಇಲ್ಲಿ ಕಿವಿಯೇ ಸಾಕು. ಒಳಗೆ ಗಡಿಯಾರದಲ್ಲಿರುವಂಥದ್ದೇ ಒಂದು ಹಲ್ಲಿನ ಚಕ್ರಗಳ ಸಾಲು ಎರಡನೇ ಪರದೆಯನ್ನು ತಡೆದು ನಿಲ್ಲಿಸುತ್ತದೆ. 1 ಸೆಕೆಂಡಿಗೆ ಇಟ್ಟು ಒತ್ತಿದರೆ "ಟಕ್, ಜುಯ್ಯ್... ಟಕ್" ಎಂದು ಒಂದೇ ಲಯದಲ್ಲಿ ಸದ್ದು ಬರಬೇಕು. ನಡುವೆ ತಡವರಿಸಿದರೆ, ನಿಂತೇ ಹೋಗಿ ಬಾಡಿ ಅಲುಗಿಸಿದಾಗ ಮುಂದುವರಿದರೆ, ಆ ಚಕ್ರಗಳ ಎಣ್ಣೆ ಒಣಗಿದೆ. ಹೆದರುವ ಕೆಲಸವಲ್ಲ: ಪರದೆ, ಸ್ಪ್ರಿಂಗ್ ಮುಟ್ಟದೆ ಶುಚಿಮಾಡಿ ಸರಿಪಡಿಸಬಹುದು. 1 ಸೆಕೆಂಡು ತಡವರಿಸುವ, 1/1000 ಸಮನಾಗಿರುವ ಬಾಡಿ ಸಿಕ್ಕರೆ ಬೆಲೆ ಇಳಿಸಿ ತೆಗೆದುಕೊಳ್ಳುವುದು ಜಾಣತನ.

ಅಳೆಯಬೇಕೆಂದರೆ ಫೋನಿನ ಸ್ಲೋ ಮೋಷನ್ ಇದೆ. ಸೆಕೆಂಡಿಗೆ 240 ಫ್ರೇಮಿನಲ್ಲಿ ಕಿಟಕಿಯನ್ನು ಚಿತ್ರಿಸಿ, ತೆರೆದಿರುವ ಫ್ರೇಮುಗಳನ್ನು ಎಣಿಸಿ. 1 ಸೆಕೆಂಡಿಗೆ 240, 1/2ಕ್ಕೆ 120, 1/4ಕ್ಕೆ 60, 1/8ಕ್ಕೆ 30, 1/15ಕ್ಕೆ 16, 1/30ಕ್ಕೆ 8 ಬರಬೇಕು. 1/60ಕ್ಕೆ ನಾಲ್ಕೇ ಫ್ರೇಮ್, ಒಂದು ಆಚೀಚೆಯಾದರೂ ಕಾಲು ಭಾಗ ತಪ್ಪು. ಅಲ್ಲಿಂದ ಮೇಲೆ ಈ ವಿಧಾನ ಕೆಲಸಕ್ಕೆ ಬಾರದು. ಕಿಟಕಿಯ ನಟ್ಟನಡುವಿನ ಒಂದೇ ಬಿಂದುವನ್ನು ಗುರುತಿಟ್ಟುಕೊಂಡು ಎಣಿಸಿ. ಪರದೆ ಕಿಟಕಿಯನ್ನು ದಾಟಲು ತೆಗೆದುಕೊಳ್ಳುವ ಸಮಯವನ್ನು ಸೇರಿಸಿಕೊಂಡರೆ ಲೆಕ್ಕ ಕೆಡುತ್ತದೆ.

ಮೇಲೆಯೇ ನಿಲ್ಲುವ ಕನ್ನಡಿ

ಕ್ಲಿಕ್ ಮಾಡಿದ ಮೇಲೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಕತ್ತಲಾಗಿಯೇ ಉಳಿದು, ಲಿವರ್ ಎಳೆದಾಗ ಕನ್ನಡಿ ಇಳಿದರೆ ಮಾರುವವರು "ಮಿರರ್ ಸ್ವಲ್ಪ ಟೈಟ್" ಎನ್ನುತ್ತಾರೆ. ಬಹಳಷ್ಟು ಸಲ ತಪ್ಪು ಕನ್ನಡಿಯದಲ್ಲ. ಈ ಕ್ಯಾಮೆರಾದಲ್ಲಿ, ಇದರ ಹಿಂದಿನ ಸ್ಪಾಟ್‌ಮ್ಯಾಟಿಕ್‌ನಲ್ಲಿಯೂ ಹೀಗೆಯೇ, ಎರಡನೇ ಪರದೆ ತನ್ನ ಓಟದ ಕೊನೆಯಲ್ಲಿ ಒಂದು ಲಿವರನ್ನು ತಟ್ಟಿ ಕನ್ನಡಿಯನ್ನು ಇಳಿಸುತ್ತದೆ. ಪರದೆ ಸುಸ್ತಾಗಿ ಕೊನೆ ಮುಟ್ಟದಿದ್ದರೆ, ಅಥವಾ ಮುಟ್ಟಿದರೂ ತಟ್ಟುವ ಬಲವಿಲ್ಲದಿದ್ದರೆ, ಕನ್ನಡಿ ಮೇಲೆಯೇ. ಅಂದರೆ ಇದು ಶಟರಿನ ರೋಗ, ಕನ್ನಡಿಯಲ್ಲಿ ಕಾಣಿಸಿಕೊಂಡದ್ದು. ನಾಲ್ಕು ಸಲದಲ್ಲಿ ಒಂದು ಸಲ ಹೀಗಾದರೂ ಸರ್ವಿಸ್ ಖರ್ಚು ಸೇರಿಸಿಯೇ ಬೆಲೆ ಮಾತಾಡಿ.

ಕೆಲವರು ಇದಕ್ಕೆ ಅಡ್ಡದಾರಿ ಹಿಡಿಯುತ್ತಾರೆ: ಶುಚಿಮಾಡದೆ ಸ್ಪ್ರಿಂಗ್ ಟೆನ್ಷನ್ ಏರಿಸುತ್ತಾರೆ. ಪರದೆ ಓಡುತ್ತದೆ, ಕನ್ನಡಿ ಇಳಿಯುತ್ತದೆ, ಅಂಗಡಿಯಲ್ಲಿ ಎಲ್ಲವೂ ಸರಿ. ಆದರೆ ಹೆಚ್ಚು ಬಿಗಿದ ಪರದೆ ಕೊನೆಯಲ್ಲಿ ಬಡಿದು ಪುಟಿಯುತ್ತದೆ. ಪುಟಿದಾಗ ಕ್ಷಣಕಾಲ ಅಂಚು ತೆರೆದು ಫ್ರೇಮಿನ ಒಂದು ತುದಿಯಲ್ಲಿ ಪ್ರಕಾಶಮಾನವಾದ ಸಣ್ಣ ಪಟ್ಟಿ ಬೀಳುತ್ತದೆ. ಬಟ್ಟೆಯನ್ನು ರೋಲರಿಗೆ ಅಂಟಿಸಿದ ಜಾಗಕ್ಕೂ ಏಟು. ಫೋನಿನ ಆ ಒಂದು ಸೆಕೆಂಡಿನ ಚಿತ್ರದಲ್ಲಿ ಅಂಚಿನಲ್ಲಿ ತೆಳು ಬಿಳಿ ಪಟ್ಟಿ ಕಂಡರೆ ಇದನ್ನೇ ಅನುಮಾನಿಸಿ.

ಫ್ಲ್ಯಾಶ್ ಪರೀಕ್ಷೆ ನಿಮಿಷದ ಕೆಲಸ. ಫ್ಲ್ಯಾಶನ್ನು ಕ್ಯಾಮೆರಾದ ಮೇಲೆ ಅದಕ್ಕೆಂದೇ ಇರುವ ಕೊಂಡಿಯಲ್ಲಿ (ಶೂ) ಹಾಕಿ, ಲೆನ್ಸ್ ಪೂರ್ತಿ ತೆರೆದು, ವೇಗ 1/60ಕ್ಕೆ ಇಟ್ಟು, ಒಂದೆರಡು ಮೀಟರ್ ದೂರದ ಬಿಳಿ ಗೋಡೆಗೆ ಹೊಡೆಯಿರಿ. ಬೆನ್ನಿನಿಂದ ಪೂರ್ತಿ ಆಯತ ಕಾಣಬೇಕು. ಒಂದು ಪಕ್ಕ ಕತ್ತರಿಸಿದಂತಿದ್ದರೆ ಫ್ಲ್ಯಾಶ್ ಸಿಡಿಯುವ ಹೊತ್ತಿಗೆ ಮೊದಲ ಪರದೆ ಕಿಟಕಿ ದಾಟಿಲ್ಲ, ಇಲ್ಲವೇ ಎರಡನೆಯದು ಆಗಲೇ ಒಳಗೆ ಬಂದಿದೆ. 1/125ರಲ್ಲಿ ಆಯತದ ಒಂದು ಭಾಗ ಮಾತ್ರ ಕಂಡರೆ ಅದು ಸಹಜ, ದೂರಬೇಡಿ. ಡಯಲನ್ನು 'ಬಿ'ಗೆ ಇಟ್ಟು ಒತ್ತಿ ಹಿಡಿದರೆ ತೆರೆದಿರಬೇಕು, ಬಿಟ್ಟರೆ ತಕ್ಷಣ ಮುಚ್ಚಬೇಕು.

ಅಳೆಯುವ ಉಪಕರಣಗಳ ಬಗ್ಗೆ

ಈಗ ಆನ್‌ಲೈನಿನಲ್ಲಿ ಸಣ್ಣ ಶಟರ್ ಟೆಸ್ಟರ್‌ಗಳು ಸಿಗುತ್ತವೆ. ಕೊಳ್ಳುವುದಾದರೆ ಎಡ, ನಡು, ಬಲ ಮೂರು ಕಡೆ ಸೆನ್ಸರ್ ಇರುವುದನ್ನೇ ಕೊಳ್ಳಿ. ನಡುವೆ ಒಂದೇ ಸೆನ್ಸರ್ ಇರುವುದು 1/1000ರಲ್ಲಿ "1/950" ಎಂದು ಚೆಂದದ ಅಂಕಿ ತೋರಿಸುತ್ತಿರುವಾಗಲೇ ಒಂದು ಅಂಚು ಕತ್ತಲಾಗಿರಬಹುದು. ನಡುವಿನ ಅಂಕಿಗಿಂತ ಎರಡು ಅಂಚುಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ.

ಮನೆಯಲ್ಲೇ ಮಾಡುವವರು ಬೆಳಕನ್ನು ಗ್ರಹಿಸುವ ಒಂದು ಫೋಟೋಡಯೋಡನ್ನು ಆಡಿಯೋ ಕೇಬಲ್ಲಿಗೆ ಬೆಸೆದು ಕಂಪ್ಯೂಟರಿನ ಮೈಕ್ ಕಿಂಡಿಗೆ ಸಿಕ್ಕಿಸಿ ಆಡಾಸಿಟಿ ಎಂಬ ಧ್ವನಿಮುದ್ರಣ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲ್ ಎಂದರೆ 1 ಮಿಲಿಸೆಕೆಂಡಿಗೆ 44 ಸ್ಯಾಂಪಲ್, ಬೇಕಾದಷ್ಟು ನಿಖರ. ತಪ್ಪುವುದು ಬೇರೆ ಕಡೆ. ಡಯೋಡಿನ ಕಣ್ಣು ಎರಡೂವರೆ ಮಿಲಿಮೀಟರ್ ಅಗಲವಿದ್ದು ಓಡುವ ಸಂದೂ ಅಷ್ಟೇ ಅಗಲವಿದ್ದರೆ, ಸಂದಿನ ಮುಂದಿನ ಅಂಚು ಕಣ್ಣನ್ನು ಮುಟ್ಟಿದಾಗಿನಿಂದ ಹಿಂದಿನ ಅಂಚು ಕಣ್ಣನ್ನು ಬಿಡುವವರೆಗೆ ಅಳೆದರೆ ಎರಡು ಮಿಲಿಸೆಕೆಂಡ್ ಬರುತ್ತದೆ, 1/1000ರ ಶಟರ್ 1/500ರಂತೆ ಕಾಣುತ್ತದೆ. ಒಳ್ಳೆಯ ಶಟರನ್ನು ಕೆಟ್ಟದ್ದೆಂದು ತೀರ್ಮಾನಿಸುವುದು ಹೀಗೆಯೇ. ಕಪ್ಪು ಹಾಳೆಯಲ್ಲಿ ಅರ್ಧ ಮಿಲಿಮೀಟರ್ ತೂತು ಮಾಡಿ ಡಯೋಡಿಗೆ ಮುಚ್ಚಿ, ಅಲೆಯ ಅರ್ಧ ಎತ್ತರದಲ್ಲಿ ಅಗಲ ಅಳೆಯಿರಿ.

ಎಷ್ಟು ತಪ್ಪಿದರೆ ಒಪ್ಪಬಹುದು? 1/1000 ಎಂದದ್ದು 1/700 ಬಂದರೆ ಅರ್ಧ ಸ್ಟಾಪ್ ಹೆಚ್ಚು ಬೆಳಕು. ನೆಗೆಟಿವ್ ಫಿಲ್ಮಿಗೆ ಅದು ಲೆಕ್ಕಕ್ಕಿಲ್ಲ. 1/500 ಬಂದರೆ ಒಂದು ಸ್ಟಾಪ್, ಅದನ್ನೂ ಕಲರ್ ನೆಗೆಟಿವ್ ತಾಳಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ ತಾಳುವುದಿಲ್ಲ. ಹಳೆ ಕ್ಯಾಮೆರಾ ಎಲ್ಲ ಮೇಲಿನ ವೇಗಗಳಲ್ಲೂ ಅರ್ಧ ಸ್ಟಾಪ್ ನಿಧಾನವಾಗಿದ್ದು ಅಂಚಿನಿಂದ ಅಂಚಿಗೆ ಸಮನಾಗಿದ್ದರೆ ಸಂತೋಷದಿಂದ ಬಳಸಿ. ಸಮವಿಲ್ಲದ್ದನ್ನು ಯಾವ ಲ್ಯಾಬೂ ಸರಿಮಾಡಿ ಕೊಡಲಾರದು.

ಒಂದು ರೋಲ್

ಮನೆಗೆ ತಂದ ಮೇಲೆ 100 ಐಎಸ್‌ಒ ಕಪ್ಪು ಬಿಳುಪು ರೋಲ್ ಒಂದನ್ನು ಪರೀಕ್ಷೆಗೇ ಮೀಸಲಿಡಿ. ದಟ್ಟ ಮೋಡದ ದಿನ, ನೆರಳಿನಲ್ಲಿರುವ ಖಾಲಿ ಗೋಡೆ, ಫೋಕಸ್ ಅನಂತಕ್ಕೆ. ಇದರ ಜೊತೆ ಸಾಮಾನ್ಯವಾಗಿ ಬರುವ 50 ಎಂಎಂ ಎಫ್/2 ಲೆನ್ಸಿನಲ್ಲಿ ಹೀಗೆ ತೆಗೆಯಿರಿ: ಅಪರ್ಚರ್ ಎಫ್/2 ಜೊತೆ 1/1000, 2.8 ಜೊತೆ 1/500, 4 ಜೊತೆ 1/250, 5.6 ಜೊತೆ 1/125, 8 ಜೊತೆ 1/60, 11 ಜೊತೆ 1/30, 16 ಜೊತೆ 1/15, 22 ಜೊತೆ 1/8. ಎಲ್ಲದರಲ್ಲೂ ಬೀಳುವ ಬೆಳಕು ಒಂದೇ, ಆದ್ದರಿಂದ ತೊಳೆದು ಬಂದ ಎಂಟು ನೆಗೆಟಿವೂ ಒಂದೇ ದಟ್ಟತೆಯಲ್ಲಿರಬೇಕು. ಪ್ರಿಂಟ್ ಅಥವಾ ಸ್ಕ್ಯಾನ್ ನೋಡಿ ತೀರ್ಮಾನಿಸಬೇಡಿ, ಲ್ಯಾಬಿನ ಯಂತ್ರ ಎಲ್ಲವನ್ನೂ ಸಮಮಾಡಿಬಿಟ್ಟಿರುತ್ತದೆ. ನೆಗೆಟಿವ್ ಪಟ್ಟಿಯನ್ನೇ ಬೆಳಕಿಗೆ ಹಿಡಿಯಿರಿ.

ಎಫ್/2ರ ಫ್ರೇಮಿನಲ್ಲಿ ನಾಲ್ಕೂ ಮೂಲೆ ತುಸು ತೆಳುವಾಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಪಕ್ಕ ಮೇಲಿನಿಂದ ಕೆಳಗೆ ತೆಳುವಾಗಿದ್ದರೆ ಶಟರ್. ಎಂಟು ಫ್ರೇಮ್ ಆದ ಮೇಲೆ ಕ್ಯಾಮೆರಾವನ್ನು ಹತ್ತು ಹದಿನೈದು ದಿನ ಮುಟ್ಟದೆ ಇಟ್ಟು, ಮತ್ತೆ ಅದೇ ಸಾಲನ್ನು 1/1000ರಿಂದಲೇ ಶುರುಮಾಡಿ. ಎರಡನೇ ಸಾಲಿನ ಮೊದಲ ಫ್ರೇಮೇ ಈ ರೋಲಿನ ಅತಿ ಬೆಲೆಬಾಳುವ ಚಿತ್ರ.

ಯಾವ ಕೆ1000, ಅಥವಾ ಬೇರೆ ಏನು

ಮೇಲೆ "ಅಸಾಹಿ ಪೆಂಟಾಕ್ಸ್" ಎಂದು ಬರೆದಿರುವವು ಹಳೆಯವು, ಲೋಹದ ಹೊದಿಕೆ. ಆಮೇಲೆ ಜೋಡಣೆ ಹಾಂಗ್‌ಕಾಂಗಿಗೂ ಕೊನೆಗೆ ಚೀನಾಕ್ಕೂ ಹೋಯಿತು, ಕೊನೆಯವುಗಳಲ್ಲಿ ಪ್ಲಾಸ್ಟಿಕ್ ಹೆಚ್ಚು. ಶಟರಿನ ರಚನೆ ಒಂದೇ ಆದ್ದರಿಂದ ಹೆಸರಿಗಾಗಿ ಹೆಚ್ಚು ಹಣ ಕೊಡುವ ಬದಲು ಯಾವುದರ ಶಟರ್ ಸಮವಾಗಿದೆಯೋ ಅದನ್ನು ತೆಗೆದುಕೊಳ್ಳಿ.

ಇದೇ ಕಣ್ಣಿನಿಂದ ನಿಕಾನ್ ಎಫ್‌ಎಂ2 ನೋಡುವುದಾದರೆ ಅದರ ಶಟರ್ ಲೋಹದ ಎಲೆಗಳದು, ಮೇಲಿಂದ ಕೆಳಗೆ ಓಡುತ್ತದೆ, 1/4000ರವರೆಗೆ. ಅಲ್ಲಿ ಬಟ್ಟೆಯ ಚಿಂತೆಯಿಲ್ಲ. ಎಲೆಗಳ ಮೇಲೆ ಎಣ್ಣೆಯ ಕಲೆ, ರೋಲ್ ಹಾಕುವಾಗ ಬೆರಳು ತಾಗಿದ ನೆಗ್ಗು ನೋಡಿ. ಬೆಲೆ ಹೆಚ್ಚು, ಆದರೆ ಕೊಡಲು ಯೋಗ್ಯ. ಕ್ಯಾನನ್ ಎಇ-1 ಬಟ್ಟೆಯದೇ, ಆದರೆ ವೇಗ ನಿಯಂತ್ರಣ ಎಲೆಕ್ಟ್ರಾನಿಕ್. 6 ವೋಲ್ಟ್ ಬ್ಯಾಟರಿ ಇಲ್ಲದೆ ಕ್ಲಿಕ್ಕೇ ಆಗದು. ಕ್ಲಿಕ್ಕಿನ ಜೊತೆ ಕೀಂ ಎನ್ನುವ ಸದ್ದು ಬಂದರೆ ಕನ್ನಡಿಯ ಗೇರುಗಳಿಗೆ ಎಣ್ಣೆ ಬೇಕು, ಅದು ಸಾಧ್ಯ. ಒಳಗಿನ ಸರ್ಕ್ಯೂಟ್ ಸತ್ತರೆ ಇನ್ನೊಂದು ಕ್ಯಾಮೆರಾದಿಂದ ಕಿತ್ತು ಹಾಕುವುದೇ ದಾರಿ.

ದೂರದ ಊರಿನಿಂದ ಆನ್‌ಲೈನ್‌ನಲ್ಲಿ ಕೊಳ್ಳುವವರು ಹಣ ಕೊಡುವ ಮೊದಲು ವಿಡಿಯೋ ಕೇಳಿ: ಲೆನ್ಸ್ ಕಳಚಿ, ಬೆನ್ನು ತೆರೆದು, ಕಿಟಕಿಯ ಬೆಳಕಿಗೆ ಹಿಡಿದು, ದಿನದ ಮೊದಲ ಕ್ಲಿಕ್ 1/1000ರಲ್ಲಿ, ಆಮೇಲೆ 1/60, ಆಮೇಲೆ 1 ಸೆಕೆಂಡ್, ನಡುವೆ ಎಲ್ಲೂ ಕತ್ತರಿಸದೆ. ಡಯಲ್ ಕಾಣಿಸುತ್ತಿರಲಿ. ಸ್ಲೋ ಮೋಷನ್ನಿನಲ್ಲಿ 1/1000ರ ಸಂದು ಓರೆಯಾಗಿ ಕಂಡರೆ ಗಾಬರಿ ಬೇಡ, ಅದು ಫೋನಿನ ಸೆನ್ಸರ್ ಗೆರೆಗೆರೆಯಾಗಿ ಓದುವುದರ ಪರಿಣಾಮ. "ಅನ್‌ಟೆಸ್ಟೆಡ್" ಎಂದು ಬರೆದು ವಿಡಿಯೋ ಕೊಡಲೊಪ್ಪದವರಿಂದ ಕೊಳ್ಳುವುದಾದರೆ ಶಟರ್ ಕೆಟ್ಟಿದೆ ಎಂದೇ ಲೆಕ್ಕ ಹಾಕಿ ಬೆಲೆ ಕಟ್ಟಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹಲವು ಮಳೆಗಾಲ ಕಂಡ ಕ್ಯಾಮೆರಾಗಳಲ್ಲಿ ಲೆನ್ಸಿನ ಫಂಗಸ್ ಎಲ್ಲರೂ ನೋಡುತ್ತಾರೆ. ಅದೇ ತೇವ ಪರದೆಯ ರೋಲರುಗಳಿಗೂ ಹೊಕ್ಕಿರುತ್ತದೆ ಎನ್ನುವುದನ್ನು ಮರೆಯುತ್ತಾರೆ.

ಸರ್ವಿಸಿಗೆ ಕೊಡುವಾಗ "ಶಟರ್ ಸರಿಮಾಡಿ" ಎಂದಷ್ಟೇ ಹೇಳಬೇಡಿ. ಮೊದಲು ಶುಚಿ, ಆಮೇಲೆ ಎಣ್ಣೆ, ಕೊನೆಗೆ ಟೆನ್ಷನ್, ಈ ಕ್ರಮದಲ್ಲೇ ಆಗಲಿ ಎಂದು ಕೇಳಿಕೊಳ್ಳಿ. 1/1000ರಲ್ಲಿ ಎಡ, ನಡು, ಬಲದ ಅಂಕಿಗಳನ್ನು ಕೆಲಸಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಬರೆದುಕೊಡಲು ಹೇಳಿ. ಬರೆದುಕೊಡುವ ಮೆಕ್ಯಾನಿಕ್ ಸಿಕ್ಕರೆ ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ವಾಪಸ್ ಬಂದ ಮೇಲೆ ಎತ್ತಿಡುವಾಗ ಲಿವರ್ ಎಳೆದ ಸ್ಥಿತಿಯಲ್ಲಿ ಇಡಬೇಡಿ, ಕ್ಲಿಕ್ ಮಾಡಿ ಸ್ಪ್ರಿಂಗ್ ಇಳಿಸಿಯೇ ಇಡಿ. ಮೀಟರಿಗೆ ಸ್ವಿಚ್ ಇಲ್ಲದ ಕಾರಣ ಲೆನ್ಸಿಗೆ ಕ್ಯಾಪ್ ಹಾಕಿ. ಬಳಸದ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಖಾಲಿ ಬಾಡಿಯನ್ನು ಹನ್ನೊಂದೂ ವೇಗಗಳಲ್ಲಿ ಒಂದೊಂದು ಸಲ ಓಡಿಸಿ, 1/1000ರಿಂದ ಶುರುಮಾಡಿ.